ಒದ್ದೆ ರಸ್ತೆ, ಎರಡು ಗಾಲಿ

ಕರ್ನಾಟಕದಲ್ಲಿ ಶಾಲೆಯ ಗಂಟೆಯೂ ಮುಂಗಾರಿನ ಗುಡುಗೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಕೇಳಿಸುತ್ತವೆ. ಬೇಸಿಗೆ ರಜೆಯಲ್ಲಿ ಒಳಪೆಡಲಿನಿಂದ ಸೀಟಿಗೇರಿದ ಮಲೆನಾಡಿನ ಹುಡುಗಿಯೊಬ್ಬಳು ಜೂನ್ ತಿಂಗಳ ಮೊದಲ ವಾರ ಯೂನಿಫಾರಂ ತೊಟ್ಟು, ಬ್ಯಾಗನ್ನು ಕ್ಯಾರಿಯರಿಗೆ ಸಿಕ್ಕಿಸಿ, ಸೈಕಲ್ಲನ್ನು ಅಂಗಳಕ್ಕೆ ಇಳಿಸುತ್ತಾಳೆ. ಪಡುವಣದ ಆಕಾಶ ಆಗಲೇ ಕಪ್ಪಿಟ್ಟಿರುತ್ತದೆ. ಒಳಗಿನಿಂದ ಅಮ್ಮನ ದನಿ ಬರುತ್ತದೆ: "ಮಳೆ ಬತ್ತಾ ಇದೆ, ಸೈಕಲ್ ಬ್ಯಾಡ ಮಾರಾಯ್ತಿ. ಬಸ್ಸಿಗೆ ಹೋಗು."

ಸೈಕಲ್ ಮತ್ತೆ ಜಗಲಿ ಹತ್ತುತ್ತದೆ. ಅದರ ಮೇಲೆ ಗೊಬ್ಬರದ ಖಾಲಿ ಚೀಲ ಬೀಳುತ್ತದೆ. ದೀಪಾವಳಿಯ ಹೊತ್ತಿಗೆ ಚೀಲ ಸರಿಸಿ ನೋಡಿದರೆ ಚೈನು ತುಕ್ಕು ಹಿಡಿದು ಕೆಂಪಾಗಿರುತ್ತದೆ, ಟೈರು ಗಾಳಿ ಇಳಿದು ನೆಲಕ್ಕೆ ಅಂಟಿರುತ್ತದೆ, ಹುಡುಗಿಯ ಕಾಲಿಗೂ ರೂಢಿ ತಪ್ಪಿರುತ್ತದೆ.

ಇದು ಒಂದು ಮನೆಯ ಕತೆಯಲ್ಲ. 2006–07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುಮಾಡಿದಾಗ ಅದರ ಹಿಂದಿದ್ದ ಕಾರಣ ಸರಳ. ಪ್ರಾಥಮಿಕ ಶಾಲೆ ಊರಲ್ಲೇ ಇರುತ್ತದೆ, ಹೈಸ್ಕೂಲು ಇರುವುದು ನಾಲ್ಕೈದು ಕಿಲೋಮೀಟರು ಆಚೆ. ಆ ದೂರಕ್ಕೆ ಸೋತು ಓದು ಬಿಡುವ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಸೈಕಲ್ ಸಿಕ್ಕರೆ ನಿಲ್ಲುತ್ತಾರೆ ಎಂಬ ಆಸೆ. ಆದರೆ ಆಗುಂಬೆಯ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಕರಾವಳಿಯ ಉದ್ದಕ್ಕೂ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗುವುದೇ ಕಷ್ಟ. ಅಂಥ ಕಡೆ ಮಳೆಗೆ ಹೆದರಿ ಮೂಲೆಗಿಟ್ಟ ಸೈಕಲ್ಲು ಶಾಲೆಯ ಅರ್ಧ ವರ್ಷಕ್ಕೆ ಮಾತ್ರ ಉಪಯೋಗ. ದಿನಕ್ಕೆ ಎರಡೇ ಬಸ್ಸು ಬರುವ ಊರಿನ ಹುಡುಗಿಗೆ ಆ ಉಳಿದ ಅರ್ಧ ವರ್ಷ ಬಹಳ ದೊಡ್ಡದು.

ಹಾಗಾದರೆ ಅಮ್ಮನ ಹೆದರಿಕೆ ತಪ್ಪೇ? ಖಂಡಿತ ತಪ್ಪಲ್ಲ. ಮಳೆ ಅಂದ ಕೂಡಲೇ ಸೈಕಲ್ ಹೊಡೆಯುವವರ ಎದೆಯಲ್ಲಿ ಏಳುವ ಹೆದರಿಕೆ ಒಂದೇ ಒಂದು ಎಂಬಂತೆ ಕಾಣುತ್ತದೆ, ಬಿಡಿಸಿ ನೋಡಿದರೆ ಐದಾರು ಇವೆ. ಅವುಗಳಲ್ಲಿ ಕೆಲವಕ್ಕೆ ಆಧಾರವೇ ಇಲ್ಲ. ಕೆಲವನ್ನು ಅಭ್ಯಾಸದಿಂದ ಕಳೆಯಬಹುದು. ಒಂದೆರಡನ್ನು ಮಾತ್ರ ಎಂದೂ ಕಳೆದುಕೊಳ್ಳಬಾರದು, ಜೀವ ಉಳಿಸುವುದು ಅವೇ. ಯಾವುದು ಯಾವ ಸಾಲಿಗೆ ಸೇರಿದ್ದು ಎಂದು ಗೊತ್ತಿಲ್ಲದ್ದರಿಂದಲೇ ಎಲ್ಲವೂ ಸೇರಿ ಸೈಕಲ್ಲನ್ನು ಜಗಲಿಗೆ ಕಟ್ಟಿಹಾಕುತ್ತವೆ.

ಮೊದಲು ಜಾರುವ ಹೆದರಿಕೆ. ನೀರು ನಿಂತ ಡಾಂಬರಿನ ಮೇಲೆ ಗಾಲಿ ತೇಲಿಬಿಡುತ್ತದೆ ಎಂದು ನಂಬಿದವರು ಅನೇಕರು. ಕಾರಿನ ವಿಷಯದಲ್ಲಿ ಈ ಮಾತು ನಿಜವೇ. ವೇಗವಾಗಿ ಓಡುವ ಅಗಲ ಟೈರು ತನ್ನಡಿಯ ನೀರನ್ನು ಪಕ್ಕಕ್ಕೆ ತಳ್ಳಲಾಗದೆ ಅದರ ಮೇಲೇ ಏರಿಬಿಡುತ್ತದೆ, ಆಮೇಲೆ ಸ್ಟೀರಿಂಗಿಗೆ ಕೆಲಸವಿಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ನಾಸಾ ಸಂಸ್ಥೆಯಲ್ಲಿ ವಾಲ್ಟರ್ ಹಾರ್ನ್ ಮತ್ತು ಸಂಗಡಿಗರು ವಿಮಾನದ ಗಾಲಿಗಳ ಮೇಲೆ ಇದನ್ನು ಪರೀಕ್ಷಿಸಿ ಒಂದು ಲೆಕ್ಕ ಕಟ್ಟಿಕೊಟ್ಟರು. ಟೈರು ಯಾವ ವೇಗದಲ್ಲಿ ತೇಲುತ್ತದೆ ಎಂಬುದು ಒಳಗಿನ ಗಾಳಿಯ ಒತ್ತಡವನ್ನು ಅವಲಂಬಿಸಿದೆ. ಗಾಳಿ ಬಿಗಿಯಾದಷ್ಟೂ ತೇಲಲು ಹೆಚ್ಚು ವೇಗ ಬೇಕು. 40 ಪೌಂಡ್ ಗಾಳಿ ಹೊಡೆಸಿದ ಸೈಕಲ್ ಟೈರಿಗೆ ಅದೇ ಲೆಕ್ಕ ಹಾಕಿದರೆ ಗಂಟೆಗೆ 100 ಕಿಲೋಮೀಟರ್ ದಾಟಬೇಕಾಗುತ್ತದೆ. ಶಾಲೆಗೆ ಹೋಗುವ ಸೈಕಲ್ಲಿನ ವೇಗ ಹನ್ನೆರಡೋ ಹದಿನೈದೋ. ಅದರ ಟೈರು ಕಿರಿದು, ತಳ ದುಂಡು. ದೋಣಿಯ ಮುಂಭಾಗದಂತೆ ನೀರನ್ನು ಸೀಳಿಕೊಂಡು ನೆಲ ಮುಟ್ಟುತ್ತದೆ. ಹಾಗಾಗಿ ಈ ತೇಲುವ ಹೆದರಿಕೆಯನ್ನು ಇವತ್ತೇ ಬಿಟ್ಟುಬಿಡಬಹುದು.

ಆದರೂ ಮಳೆಯಲ್ಲಿ ಸೈಕಲ್ಲುಗಳು ಜಾರಿ ಬೀಳುತ್ತವಲ್ಲ ಎಂದು ಯಾರಾದರೂ ಕೇಳಬಹುದು. ಬೀಳುತ್ತವೆ, ಆದರೆ ಎಲ್ಲೆಂದರಲ್ಲಿ ಬೀಳುವುದಿಲ್ಲ. ಹಂಪಿನ ಮೇಲೆ ಬಳಿದ ಬಿಳಿ ಬಣ್ಣದ ಪಟ್ಟೆ, ಚರಂಡಿಯ ಕಬ್ಬಿಣದ ಮುಚ್ಚಳ, ರೈಲ್ವೆ ಗೇಟಿನ ಕಂಬಿ, ಕೊಳೆತ ಎಲೆ ಹಾಸಿದ ತಿರುವು, ಹಾವಸೆ ಕಟ್ಟಿದ ಸಿಮೆಂಟಿನ ಇಳಿಜಾರು, ಹೀಗೆ ಕೈಬೆರಳಲ್ಲಿ ಎಣಿಸಬಹುದಾದ ಜಾಗಗಳಲ್ಲಿ ಬೀಳುತ್ತವೆ. ಮೊದಲ ಮಳೆಯ ಮೊದಲ ಅರ್ಧ ಗಂಟೆ ಇನ್ನೂ ಕೆಟ್ಟದ್ದು. ತಿಂಗಳುಗಟ್ಟಲೆ ಲಾರಿ ಬಸ್ಸುಗಳಿಂದ ಸೋರಿದ ಎಣ್ಣೆ ಆಗ ಧೂಳಿನ ಜೊತೆ ಕಲಸಿ ರಸ್ತೆಯ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತದೆ. ನಾಲ್ಕು ಜೋರು ಮಳೆ ಬಿದ್ದು ರಸ್ತೆ ತೊಳೆದು ಹೋದಮೇಲೆ ಅದೇ ರಸ್ತೆಯ ಹಿಡಿತ ಸುಧಾರಿಸುತ್ತದೆ. ಮೃಗಶಿರಾ ಮಳೆಯಲ್ಲಿ ಜಾರಿದ ತಿರುವಿನಲ್ಲಿ ಪುನರ್ವಸು ಮಳೆಯ ಹೊತ್ತಿಗೆ ಗಾಲಿ ನೆಟ್ಟಗೆ ಹೋಗುತ್ತದೆ.

ಈ ಜಾಗಗಳಲ್ಲಿ ಮಾಡಬೇಕಾದ್ದು ಒಂದೇ. ಅಲ್ಲಿಗೆ ಮುಟ್ಟುವ ಮೊದಲೇ ವೇಗ ಇಳಿಸಿ, ಅದರ ಮೇಲಿರುವಾಗ ಬ್ರೇಕನ್ನೂ ಹಿಡಿಯದೆ, ಹ್ಯಾಂಡಲನ್ನೂ ತಿರುಗಿಸದೆ, ಸೈಕಲ್ಲನ್ನು ವಾಲಿಸದೆ ನೇರ ದಾಟುವುದು. ರೈಲು ಕಂಬಿಯನ್ನು ಓರೆಯಾಗಿ ದಾಟಲು ಹೋದರೆ ಮುಂದಿನ ಗಾಲಿ ಕಂಬಿಯ ಗುಂಟ ಜಾರಿ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕಂಬಿಗೆ ಅಡ್ಡಲಾಗಿ ನೇರ ಹಾಯಬೇಕು. ಧೈರ್ಯ ಸಾಲದಿದ್ದರೆ ಇಳಿದು ತಳ್ಳಿಕೊಂಡು ಹೋದರಾಯಿತು, ಅದರಲ್ಲಿ ನಾಚಿಕೆಯೇನಿಲ್ಲ.

ಉತ್ತರ ಕರ್ನಾಟಕದ ಎರೆ ನೆಲದವರ ಪಾಡು ಬೇರೆಯೇ. ಅಲ್ಲಿ ಮಳೆಯಲ್ಲಿ ಸೈಕಲ್ಲು ಜಾರುವುದಕ್ಕಿಂತ ಮೊದಲು ನಿಂತೇ ಬಿಡುತ್ತದೆ. ಹೊಲದ ದಾರಿಯ ಕಪ್ಪು ಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ಗಿಡಿದು, ನೂರು ಹೆಜ್ಜೆ ಹೋಗುವಷ್ಟರಲ್ಲಿ ಗಾಲಿ ತಿರುಗುವುದಿಲ್ಲ. ಆ ಸೀಮೆಯವರು ಕಡ್ಡಿಯೊಂದನ್ನು ಕೈಗೆ ಸಿಗುವಂತೆ ಇಟ್ಟುಕೊಂಡು ಕೆತ್ತುತ್ತಾ ಸಾಗುತ್ತಾರೆ. ಅದೂ ಆಗದಿದ್ದರೆ ಸೈಕಲ್ಲೇ ಹೆಗಲೇರುತ್ತದೆ. ಮಣ್ಣಿನ ದಾರಿ ಬಿಟ್ಟು ಸುತ್ತಾದರೂ ಟಾರು ರಸ್ತೆ ಹಿಡಿಯುವುದು ಅಲ್ಲಿ ಹೇಡಿತನವಲ್ಲ, ನೆಲದ ಗುಣ ಬಲ್ಲವರ ಜಾಣತನ.

ಇನ್ನು ಬ್ರೇಕಿನ ಮಾತು. ಮಳೆಯಲ್ಲಿ ನಿಜವಾಗಿ ಕೈಕೊಡುವುದು ಇದೇ, ಹಾಗಾಗಿ ಇದನ್ನು ಹತ್ತಿರದಿಂದ ನೋಡಬೇಕು. ಕಪ್ಪು ಬಣ್ಣದ ಹಳೆಯ ಮಾದರಿಯ ಸೈಕಲ್ಲಿನಲ್ಲಿ ಹ್ಯಾಂಡಲಿನ ಕೆಳಗಿನ ಸರಳನ್ನು ಎಳೆದಾಗ ಎರಡು ರಬ್ಬರ್ ತುಂಡುಗಳು ಮೇಲೆದ್ದು ಹೊಳೆಯುವ ರಿಮ್ಮನ್ನು ಅಮುಕುತ್ತವೆ. ಆ ರಿಮ್ಮು ಉಕ್ಕಿನದು, ಅದಕ್ಕೆ ಕ್ರೋಮಿಯಂ ಲೇಪವಿದೆ. ಕನ್ನಡಿಯಷ್ಟು ನುಣುಪು. ಒಣಗಿದ್ದಾಗ ರಬ್ಬರು ಅದನ್ನು ಗಟ್ಟಿಯಾಗಿ ಹಿಡಿಯುತ್ತದೆ. ಒದ್ದೆಯಾದಾಗ ರಬ್ಬರಿಗೂ ರಿಮ್ಮಿಗೂ ನಡುವೆ ನೀರಿನ ಪೊರೆ ಕೂರುತ್ತದೆ, ಹಿಡಿತ ಅನೇಕ ಪಟ್ಟು ಇಳಿಯುತ್ತದೆ. ಗಾಲಿ ಕೆಲವು ಸುತ್ತು ಸುತ್ತಿ, ರಬ್ಬರು ಆ ನೀರನ್ನು ಒರೆಸಿದ ಮೇಲಷ್ಟೇ ಬ್ರೇಕು ಹಿಡಿಯಲು ಶುರುವಾಗುತ್ತದೆ. ದೊಡ್ಡ ಗಾಲಿ ಒಂದು ಸುತ್ತಿಗೆ ಎರಡು ಮೀಟರಿಗಿಂತ ತುಸು ಹೆಚ್ಚು ಮುಂದೆ ಹೋಗುತ್ತದೆ. ನಾಲ್ಕು ಸುತ್ತು ಒರೆಸುವುದಕ್ಕೇ ಹೋದರೆ ಒಂಬತ್ತು ಮೀಟರು ಹೋಯಿತು. ಎದುರಿಗೆ ಎಮ್ಮೆ ಅಡ್ಡ ಬಂದಾಗ ಒಂಬತ್ತು ಮೀಟರು ಕಡಿಮೆಯೇನಲ್ಲ.

ಈ ಗುಟ್ಟು ಗೊತ್ತಿಲ್ಲದ ಸವಾರ ಮಳೆಯಲ್ಲಿ ಮೊದಲ ಸಲ ಬ್ರೇಕು ಹಿಡಿದು ಅದು ನಿಲ್ಲದಿದ್ದಾಗ ಬೆಚ್ಚುತ್ತಾನೆ. ಇನ್ನೂ ಬಿಗಿಯಾಗಿ ಹಿಡಿಯುತ್ತಾನೆ. ಅಷ್ಟರಲ್ಲಿ ರಿಮ್ಮು ಒಣಗಿ, ಬ್ರೇಕು ಒಮ್ಮೆಲೇ ಕಚ್ಚಿ, ಗಾಲಿ ಲಾಕ್ ಆಗಿ, ಸವಾರ ಕೆಳಗೆ. ಆ ಒಂದು ಬೀಳುವಿಕೆಯ ನೆನಪು ಹತ್ತು ವರ್ಷ ಮಳೆಯಲ್ಲಿ ಸೈಕಲ್ ಮುಟ್ಟದಂತೆ ಮಾಡುತ್ತದೆ. ಗುಟ್ಟು ಗೊತ್ತಿರುವವನು ಇಳಿಜಾರು ಬರುವ ಮೊದಲೇ ಎರಡೂ ಬ್ರೇಕನ್ನು ಹಗುರವಾಗಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು ರಿಮ್ಮನ್ನು ಒರೆಸಿಕೊಳ್ಳುತ್ತಾನೆ. ಒಣ ರಸ್ತೆಯಲ್ಲಿ ನಿಲ್ಲಲು ಬೇಕಾದ ದೂರಕ್ಕಿಂತ ಎರಡು ಮೂರು ಪಟ್ಟು ಮೊದಲೇ ಶುರುಮಾಡುತ್ತಾನೆ. ಅಲ್ಯೂಮಿನಿಯಂ ರಿಮ್ಮಿನ ಸೈಕಲ್ಲಿನಲ್ಲಿ ಈ ತೊಂದರೆ ಕಡಿಮೆ, ಡಿಸ್ಕ್ ಬ್ರೇಕಿನದ್ದರಲ್ಲಿ ಇನ್ನೂ ಕಡಿಮೆ. ಆದರೆ ಹೊಸ ಸೈಕಲ್ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಸವೆದ ಬ್ರೇಕ್ ರಬ್ಬರನ್ನು ಮಳೆಗಾಲಕ್ಕೆ ಮುಂಚೆ ಬದಲಾಯಿಸುವುದು ಯಾವ ಸೈಕಲ್ ಶಾಪಿನಲ್ಲೂ ಆಗುವ ಕೆಲಸ. ಮೇ ತಿಂಗಳಲ್ಲಿ ಪಠ್ಯಪುಸ್ತಕಕ್ಕೆ ಬೈಂಡು ಹಾಕುವ ಪ್ರತಿ ಮನೆಯೂ ಅದರ ಜೊತೆಗೆ ಇದನ್ನೂ ಮಾಡಬೇಕು.

ಒಂದು ಕೈಯಲ್ಲಿ ಕೊಡೆ ಹಿಡಿದು ಸೈಕಲ್ ಹೊಡೆಯುವ ಅಭ್ಯಾಸವನ್ನು ಮಾತ್ರ ಯಾರೂ ಮೆಚ್ಚಬಾರದು. ಒಂದು ಕೈ ಕೊಡೆಗೆ ಹೋದರೆ ಉಳಿಯುವುದು ಒಂದೇ ಬ್ರೇಕು. ಮೇಲಾಗಿ ಬೀಸುಗಾಳಿಗೆ ಕೊಡೆ ಹಾಯಿಯಾಗುತ್ತದೆ. ಹಿಂದಿನವರು ನಾಟಿ ಗದ್ದೆಗೆ ಬಳಸಿದ ಗೊರಬಾಗಲಿ, ಹೆಗಲ ಮೇಲಿನ ಕಂಬಳಿ ಕೊಪ್ಪೆಯಾಗಲಿ ಎರಡೂ ಕೈಯನ್ನು ಕೆಲಸಕ್ಕೆ ಬಿಡುತ್ತಿದ್ದವು. ಸೈಕಲ್ ಮೇಲಿನ ರೈನ್‌ಕೋಟಿನ ಗುಣವೂ ಅದೇ ಆಗಿರಬೇಕು. ಅದರ ಬಣ್ಣ ಹಳದಿಯೋ ಕಿತ್ತಳೆಯೋ ಆದರೆ ಇನ್ನೂ ಒಳ್ಳೆಯದು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕಪ್ಪು, ಕಡುನೀಲಿ ಕೋಟುಗಳು ಮೋಡ ಕವಿದ ಸಂಜೆಯಲ್ಲಿ ರಸ್ತೆಯ ಬಣ್ಣದಲ್ಲೇ ಕರಗಿಹೋಗುತ್ತವೆ. ಬಸ್ಸಿನ ಗಾಜಿನ ಮೇಲೆ ವೈಪರ್ ಆಡುತ್ತಿರುವಾಗ ಡ್ರೈವರನಿಗೆ ಕಾಣುವುದು ಬಣ್ಣ ಮತ್ತು ಬೆಳಕು ಮಾತ್ರ. ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯುತ್ತಿರಲಿ.

ನೆನೆದರೆ ಜ್ವರ ಬರುತ್ತದೆ ಎಂಬುದು ಮನೆಮನೆಯ ಹೆದರಿಕೆ. ನೆಗಡಿ ಹರಡುವುದು ವೈರಸ್ಸಿನಿಂದ, ಮಳೆಹನಿಯಿಂದಲ್ಲ. ಬಾಗಿಲು ಕಿಟಕಿ ಮುಚ್ಚಿಕೊಂಡು ಜನ ತುಂಬಿದ ಬಸ್ಸಿನಲ್ಲಿ ಅದು ಅಂಟುವಷ್ಟು ಸುಲಭವಾಗಿ ಬಯಲಿನ ಮಳೆಯಲ್ಲಿ ಅಂಟುವುದಿಲ್ಲ. ಕಾಲಿನ ಗಾಯದ ವಿಷಯದಲ್ಲಿ ಮಾತ್ರ ಅಮ್ಮಂದಿರು ಎಷ್ಟು ಎಚ್ಚರ ವಹಿಸಿದರೂ ಸಾಲದು. ಇಲಿಯ ಮೂತ್ರ ಬೆರೆತ ನಿಂತ ನೀರು ತರಚಿದ ಚರ್ಮಕ್ಕೆ ತಾಗಿದರೆ ಇಲಿಜ್ವರ ಬರಬಹುದು. ಕರಾವಳಿ ಮಲೆನಾಡುಗಳಲ್ಲಿ ಅದು ಮಳೆಗಾಲದ ಗಂಭೀರ ಕಾಯಿಲೆ. ಗಾಯವಿದ್ದರೆ ಕಟ್ಟಿಕೊಂಡು ಹೊರಡಬೇಕು, ಮನೆಗೆ ಬಂದ ಕೂಡಲೇ ಸೋಪು ಹಾಕಿ ಕಾಲು ತೊಳೆಯಬೇಕು.

ಒದ್ದೆ ಬಟ್ಟೆಯ ಚಳಿಯೂ ಸಣ್ಣ ವಿಷಯವಲ್ಲ. ಮಣ್ಣಿನ ಹೂಜಿಯ ಮೈ ಬೆವರಿ, ಆ ಬೆವರು ಆವಿಯಾಗಿ ಒಳಗಿನ ನೀರು ತಣ್ಣಗಾಗುವ ಹಾಗೆಯೇ ಒದ್ದೆ ಅಂಗಿ ಮೈಯ ಶಾಖವನ್ನು ಹೀರುತ್ತದೆ. ಸೈಕಲ್ಲಿನ ಗಾಳಿ ಆ ಕೆಲಸವನ್ನು ಇನ್ನೂ ಚುರುಕು ಮಾಡುತ್ತದೆ. ಇದಕ್ಕೆ ಸೈಕಲ್ ಜಗತ್ತಿನ ದೊಡ್ಡ ಪಾಠ 1988ರ ಜೂನ್ 5ರಂದು ಇಟಲಿಯಲ್ಲಿ ನಡೆದುಹೋಯಿತು. ಜೀರೋ ದಿಟಾಲಿಯಾ ಪಂದ್ಯದ ಆ ದಿನದ ಹಾದಿ 2,600 ಮೀಟರಿಗೂ ಎತ್ತರದ ಗಾವಿಯಾ ಕಣಿವೆಯ ಮೂಲಕ. ಕೆಳಗೆ ಮಳೆ, ಮೇಲೆ ಹಿಮಪಾತ. ಡಚ್ ಸವಾರ ಯೋಹಾನ್ ವಾನ್ ಡೆರ್ ವೆಲ್ಡೆ ಗಿಡ್ಡ ತೋಳಿನ ಜೆರ್ಸಿಯಲ್ಲೇ ಎಲ್ಲರಿಗಿಂತ ಮೊದಲು ಶಿಖರ ಮುಟ್ಟಿದ. ಇಳಿಯುವಾಗ ಮೈ ಮರಗಟ್ಟಿ, ನಡುವೆ ಆಸರೆ ಹುಡುಕಿ ನಿಲ್ಲಬೇಕಾಯಿತು. ಗುರಿ ಮುಟ್ಟುವಾಗ ಮುಂದಿನವರಿಗಿಂತ ಮುಕ್ಕಾಲು ಗಂಟೆಗೂ ಹೆಚ್ಚು ತಡವಾಗಿತ್ತು. ಅಮೆರಿಕದ ಆಂಡಿ ಹ್ಯಾಂಪ್‌ಸ್ಟೆನ್ ಅವರ ತಂಡ ಮುಂಚೆಯೇ ಹಿಮದಾಟದವರ ಕೈಗವಸು, ಟೊಪ್ಪಿ, ಬೆಚ್ಚನೆಯ ಉಡುಪು ಕೊಂಡುತಂದು, ಶಿಖರದ ಬಳಿ ಬಿಸಿ ಚಹಾದೊಡನೆ ಕಾದಿತ್ತು. ಆ ದಿನ ಅವರು ಎರಡನೆಯವರಾಗಿ ಗುರಿ ಮುಟ್ಟಿದರು. ಮುಂದಾಳುವಿನ ಗುಲಾಬಿ ಜೆರ್ಸಿ ಅವರ ಪಾಲಾಯಿತು, ಕೊನೆಗೆ ಇಡೀ ಪಂದ್ಯವೂ. ಜೀರೋ ಗೆದ್ದ ಮೊದಲ ಅಮೆರಿಕನ್ ಅವರೇ. ಏರುವಾಗ ಮೈ ತಾನೇ ಬೆಚ್ಚಗಿರುತ್ತದೆ, ಚಳಿ ಕಾಡುವುದು ಇಳಿಯುವಾಗ. ಚಾರ್ಮಾಡಿ, ಹುಲಿಕಲ್ ಘಾಟಿ ಇಳಿಯುವ ನಮ್ಮ ಹವ್ಯಾಸಿ ಸವಾರರು ಒಂದು ಒಣ ಬನಿಯನ್ನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ಯುವುದು ಇದೇ ತಿಳಿವಳಿಕೆಯಿಂದ.

ಇಷ್ಟೆಲ್ಲ ಗೊತ್ತಾದರೂ ಎದೆ ಡವಗುಟ್ಟುವುದು ನಿಲ್ಲಬೇಕೆಂದಿಲ್ಲ. ಹೆದರಿಕೆ ಬುದ್ಧಿಯಲ್ಲಷ್ಟೇ ಇರುವಂಥದ್ದಲ್ಲ, ಮೈಯಲ್ಲೂ ಕೂತಿರುತ್ತದೆ. ಅದನ್ನು ಮೈಯಿಂದಲೇ ಇಳಿಸಬೇಕು. 1924ರಲ್ಲಿ ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ ಒಂದು ಪ್ರಯೋಗ ಪ್ರಕಟಿಸಿದರು. ಪೀಟರ್ ಎಂದು ಅವರು ಕರೆದ ಪುಟ್ಟ ಹುಡುಗನಿಗೆ ಮೊಲವೆಂದರೆ ವಿಪರೀತ ಭಯ. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದ ಮೊಲವನ್ನು ಕೋಣೆಯ ಇನ್ನೊಂದು ತುದಿಯಲ್ಲಿಡುವುದು, ಅವನು ಸಹಿಸಿಕೊಂಡಷ್ಟು ದಿನದಿಂದ ದಿನಕ್ಕೆ ಹತ್ತಿರ ತರುವುದು, ಹೀಗೆ ಮಾಡುತ್ತಾ ಕೊನೆಗೆ ಹುಡುಗ ಆ ಮೊಲವನ್ನು ಮುಟ್ಟಿ ಆಡಿಸಿದ. ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ 1950ರ ದಶಕದಲ್ಲಿ ಇದೇ ದಾರಿಯನ್ನು ಬೆಳೆಸಿ ಒಂದು ಚಿಕಿತ್ಸಾಕ್ರಮವನ್ನೇ ರೂಪಿಸಿದರು. ಅದರ ಸಾರ ಇಷ್ಟೇ: ಹೆದರಿಕೆಯ ವಸ್ತುವನ್ನು ಒಮ್ಮೆಗೇ ಎದುರಿಗೆ ನಿಲ್ಲಿಸಬಾರದು, ಮೆಟ್ಟಿಲು ಮಾಡಿಕೊಂಡು ಹತ್ತಬೇಕು.

ಸೈಕಲ್ಲಿಗೆ ಆ ಮೆಟ್ಟಿಲುಗಳು ಹೀಗಿರಬಹುದು. ಮಳೆ ಬಿಟ್ಟ ಮೇಲೆ, ನೆಲ ಒದ್ದೆಯಿರುವಾಗ, ಶಾಲೆಯ ಆಟದ ಬಯಲಿನಲ್ಲಿ ಅಥವಾ ವಾಹನವಿಲ್ಲದ ಓಣಿಯಲ್ಲಿ ಹತ್ತು ಸುತ್ತು. ನೆಲದ ಮೇಲೆ ಒಂದು ಕಲ್ಲಿಟ್ಟು, ಅದರ ಹತ್ತಿರ ಬಂದಾಗ ಬ್ರೇಕು ಹಿಡಿದು, ಎಷ್ಟು ದೂರದಲ್ಲಿ ನಿಂತಿತೆಂದು ಹೆಜ್ಜೆಯಿಂದ ಅಳೆಯುವುದು. ರಿಮ್ಮಿನ ಮೇಲೆ ಒಂದು ಚೊಂಬು ನೀರು ಸುರಿದು ಮತ್ತೆ ಅದನ್ನೇ ಮಾಡುವುದು. ಎರಡು ಅಳತೆಗಳ ನಡುವಿನ ವ್ಯತ್ಯಾಸವನ್ನು ತನ್ನ ಕಾಲಿನಿಂದಲೇ ಅಳೆದ ಮಗುವಿಗೆ ಆಮೇಲೆ ಯಾರ ಭಾಷಣವೂ ಬೇಕಾಗುವುದಿಲ್ಲ. ಮರುದಿನ ಜಿಟಿಜಿಟಿ ಮಳೆಯಲ್ಲಿ ಅಂಗಡಿಯವರೆಗೆ ಹೋಗಿ ಬರಬೇಕು. ಅದಾದಮೇಲೆ ಗೆಳತಿಯ ಜೊತೆ ಶಾಲೆಯವರೆಗೆ. ಮೊದಲ ದಿನ ಅಪ್ಪನೋ ಅಣ್ಣನೋ ಇನ್ನೊಂದು ಸೈಕಲ್ಲಿನಲ್ಲಿ ಹಿಂದೆ ಬಂದರೆ ಇನ್ನೂ ಚೆನ್ನ. ಜಡಿಮಳೆಯ ಸರದಿ ಬರುವುದು ಕೊನೆಗೆ.

ಹೀಗೆ ದಿನವೂ ಹೊರಟೇ ಹೊರಟವರಲ್ಲಿ ಇಂಗ್ಲೆಂಡಿನ ಬಿಲ್ಲಿ ಫ್ಲೆಮಿಂಗ್ ಹೆಸರು ನೆನೆಯಲೇಬೇಕು. ಆಕೆ ಸೈಕಲ್ ಕಲಿತದ್ದೇ ಹದಿನೆಂಟನೇ ವಯಸ್ಸಿಗೆ. ಕಚೇರಿಯಲ್ಲಿ ಟೈಪಿಂಗ್ ಕೆಲಸ. 1938ರ ಜನವರಿ 1ರಂದು ಸೈಕಲ್ ಹತ್ತಿ, ಆ ವರ್ಷದ ಡಿಸೆಂಬರ್ 31ರವರೆಗೆ ಒಂದು ದಿನವೂ ತಪ್ಪಿಸದೆ ಓಡಿಸಿದರು. ಹೆಣ್ಣುಮಕ್ಕಳು ವ್ಯಾಯಾಮದಿಂದ ಗಟ್ಟಿಯಾಗಬೇಕು ಎಂದು ಊರೂರಲ್ಲಿ ಹೇಳುವುದು ಅವರ ಉದ್ದೇಶ. ಇಂಗ್ಲೆಂಡಿನ ಚಳಿಗಾಲವಾಗಲಿ ಮಳೆಯಾಗಲಿ ಒಂದು ದಿನದ ಬಿಡುವನ್ನೂ ಕೊಡಿಸಲಿಲ್ಲ. ಮೂರು ಗೇರಿನ ಸಾಧಾರಣ ಸೈಕಲ್ಲು, ಸೀಟಿನ ಹಿಂದೆ ಸಣ್ಣ ಚೀಲ. ವರ್ಷದ ಕೊನೆಗೆ ಮೈಲಿ ಲೆಕ್ಕ 29,603. ಕಿಲೋಮೀಟರಿನಲ್ಲಿ 47,600 ದಾಟುತ್ತದೆ, ದಿನಕ್ಕೆ ಸರಾಸರಿ 130. ನೂರು ವರ್ಷ ತುಂಬಿಸಿ 2014ರಲ್ಲಿ ಅವರು ತೀರಿಕೊಂಡರು.

ಆದರೆ ಒಬ್ಬೊಬ್ಬರ ಗಟ್ಟಿತನದ ಕತೆ ಹೇಳಿ ಸುಮ್ಮನಾದರೆ ಅನ್ಯಾಯವಾಗುತ್ತದೆ. ಹೆದರಿಕೆಯ ಒಂದು ಭಾಗ ರಸ್ತೆ ಮಾಡುವವರ ಕೈಯಲ್ಲಿದೆ. ನೆದರ್‌ಲ್ಯಾಂಡ್ಸಿನಲ್ಲಿ ಜನರಿಗಿಂತ ಸೈಕಲ್ಲುಗಳೇ ಹೆಚ್ಚು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 850 ಮಿಲಿಮೀಟರ್, ನಮ್ಮ ಮೈಸೂರಿನ ಮಳೆಗೆ ಹತ್ತಿರ ಹತ್ತಿರ. ವ್ಯತ್ಯಾಸವೆಂದರೆ ಅಲ್ಲಿ ಅದು ವರ್ಷವಿಡೀ ಸಣ್ಣಗೆ ಹಂಚಿ ಬೀಳುತ್ತದೆ, ಇಲ್ಲಿ ಕೆಲವೇ ತಿಂಗಳಲ್ಲಿ, ಎಷ್ಟೋ ಸಲ ಒಂದೇ ಸಂಜೆಯಲ್ಲಿ ಸುರಿಯುತ್ತದೆ. ಡಚ್ಚರ ನಿಜವಾದ ವೈರಿ ಗಾಳಿ. 15 ಕಿಲೋಮೀಟರ್ ವೇಗದಲ್ಲಿ ಹೋಗುವವರಿಗೆ ಎದುರಿನಿಂದ ಅಷ್ಟೇ ವೇಗದ ಗಾಳಿ ಬೀಸಿದರೆ ಮೈಗೆ ಬಡಿಯುವ ಗಾಳಿ ಇಮ್ಮಡಿಯಾಗುತ್ತದೆ, ಅದರ ತಡೆ ನಾಲ್ಕು ಪಟ್ಟಾಗುತ್ತದೆ. ಆ ಜನ ಈ ವೈರಿಯನ್ನೇ ಆಟಕ್ಕೆ ಕರೆದಿದ್ದಾರೆ. 2013ರಿಂದ ಅಲ್ಲಿ ಎದುರುಗಾಳಿ ಸೈಕಲ್ ಪಂದ್ಯ ನಡೆಯುತ್ತಿದೆ. ಸಮುದ್ರಕ್ಕೆ ಕಟ್ಟಿದ ಓಸ್ಟರ್‌ಸ್ಕೆಲ್ಡೆ ತಡೆಗೋಡೆಯ ಮೇಲೆ ಎಂಟೂವರೆ ಕಿಲೋಮೀಟರ್ ಓಟ. ಎಲ್ಲರಿಗೂ ಗೇರಿಲ್ಲದ ಒಂದೇ ಬಗೆಯ ಸಾದಾ ಸೈಕಲ್ಲು. ಗಾಳಿ ಗಂಟೆಗೆ 50 ಕಿಲೋಮೀಟರಿಗೂ ಮಿಕ್ಕಿ ಬೀಸುವ ಸೂಚನೆ ಸಿಕ್ಕರಷ್ಟೇ, ಕೆಲವೇ ದಿನ ಮುಂಚೆ ಪಂದ್ಯದ ಘೋಷಣೆ. 2020ರ ಫೆಬ್ರವರಿಯಲ್ಲಿ ಸಿಯಾರಾ ಚಂಡಮಾರುತದ ನಡುವೆಯೇ ಅದು ನಡೆಯಿತು.

ಇನ್ನೂ ಉತ್ತರಕ್ಕೆ, ಧ್ರುವವೃತ್ತಕ್ಕೆ 200 ಕಿಲೋಮೀಟರಿನೊಳಗೆ, ಫಿನ್‌ಲ್ಯಾಂಡಿನ ಊಲು ನಗರವಿದೆ. ಎರಡು ಲಕ್ಷದಷ್ಟು ಜನ. ಸೈಕಲ್ ದಾರಿಗಳ ಉದ್ದ 900 ಕಿಲೋಮೀಟರಿಗೂ ಹೆಚ್ಚು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಹತ್ತು ಹದಿನೈದು ಡಿಗ್ರಿ ಕೆಳಗಿರುವಾಗಲೂ ಅಲ್ಲಿ ಮಕ್ಕಳು ಸೈಕಲ್ಲಿನಲ್ಲೇ ಶಾಲೆಗೆ ಹೋಗುತ್ತಾರೆ. ಅವರ ಧೈರ್ಯದ ಬೇರು ನಗರಾಡಳಿತದ ಕೆಲಸದಲ್ಲಿದೆ. ರಾತ್ರಿ ಹಿಮ ಬಿದ್ದರೆ ಮುಖ್ಯ ಸೈಕಲ್ ದಾರಿಗಳನ್ನು ಬೆಳಿಗ್ಗೆ ಜನ ಹೊರಡುವ ಮೊದಲೇ ಗೋರಿ, ಜಾರದಂತೆ ಸಣ್ಣ ಜಲ್ಲಿ ಚೆಲ್ಲಿರುತ್ತಾರೆ. ಚಳಿಗಾಲದ ಸೈಕಲ್ಲಿಗಾಗಿಯೇ ಸೇರುವ ಅಂತಾರಾಷ್ಟ್ರೀಯ ಸಮಾವೇಶ ಮೊದಲು ನಡೆದದ್ದೂ ಅಲ್ಲೇ, 2013ರಲ್ಲಿ. ನಮ್ಮ ನಗರಗಳ ಬಗ್ಗೆ ಈ ಮಾತನ್ನು ನೇರವಾಗಿ ಹೇಳಬೇಕಾಗಿದೆ. ಗುಂಡಿ ನೀರಿನಡಿ ಮುಚ್ಚಿಹೋಗಿರುವಾಗ, ಚರಂಡಿಯ ಮುಚ್ಚಳ ಕಳಚಿಬಿದ್ದಿರುವಾಗ ಸೈಕಲ್ಲಿನವನಿಗೆ ಧೈರ್ಯ ಸಾಲದು ಎನ್ನುವ ಹಕ್ಕು ಯಾರಿಗೂ ಇಲ್ಲ. ಅಲ್ಲಿ ಹೆದರುವವನೇ ಸರಿ. 2017ರ ಜೂನ್‌ನಲ್ಲಿ, ಮುಂಗಾರು ಕಾಲಿಡುವ ಹೊತ್ತಿಗೇ, ಮೈಸೂರು ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ಲುಗಳ ವ್ಯವಸ್ಥೆಯನ್ನು ತೆರೆಯಿತು. ಅಂಥ ಸೈಕಲ್ಲು ಮಳೆಯಲ್ಲೂ ಓಡಬೇಕಾದರೆ ರಸ್ತೆಯ ಅಂಚಿನ ನೀರು ಮೊದಲು ಚರಂಡಿಗೆ ಹರಿಯಬೇಕು.

ಉಳಿದದ್ದು ಎಂದೂ ಬಿಡಬಾರದ ಎರಡು ಹೆದರಿಕೆ, ಸಿಡಿಲು ಮತ್ತು ಹರಿಯುವ ನೀರು. ರಬ್ಬರ್ ಟೈರು ಸಿಡಿಲಿನಿಂದ ಕಾಪಾಡುತ್ತದೆ ಎಂಬ ನಂಬಿಕೆ ಸುಳ್ಳು. ಆಕಾಶದಿಂದ ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿ ಬಂದ ಮಿಂಚಿಗೆ ಅರ್ಧ ಬೆರಳು ದಪ್ಪದ ರಬ್ಬರು ಯಾವ ಲೆಕ್ಕ? ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಬೇಕು. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು. ಎಣಿಕೆ ಮೂವತ್ತಕ್ಕಿಂತ ಕಡಿಮೆಯಾದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ ಎಂದರ್ಥ. ಆಗ ಸೈಕಲ್ ಬಿಟ್ಟು ಗಟ್ಟಿ ಕಟ್ಟಡದೊಳಗೆ ಸೇರಬೇಕು, ಮರದಡಿಗೆ ಮಾತ್ರ ಹೋಗಲೇಬಾರದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವ ತನಕ ಹೊರಗೆ ಬರಬಾರದು. ನಮ್ಮಲ್ಲಿ ಇದರ ಕಾಟ ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಹೆಚ್ಚು. ಮುಂಗಾರಿನ ಜಡಿಮಳೆಯಲ್ಲಿ ಕಡಿಮೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಎಂಬ ಆ್ಯಪ್ ಮುನ್ನೆಚ್ಚರಿಕೆ ಕೊಡುತ್ತದೆ. ಅಂಥ ಫೋನಿಲ್ಲದ ಮನೆಗೆ ಕಿವಿಯೂ ಎಣಿಕೆಯೂ ಸಾಕು.

ಹರಿಯುವ ನೀರಿನ ವಿಷಯದಲ್ಲಿ ಲೆಕ್ಕ ಇನ್ನೂ ಕಟ್ಟುನಿಟ್ಟು. ಹದಿನೈದು ಸೆಂಟಿಮೀಟರ್ ಆಳದ, ಅಂದರೆ ಪಾದ ಮುಳುಗಿ ತುಸು ಮೇಲೆ ಬರುವಷ್ಟು ರಭಸದ ನೀರು ದೊಡ್ಡವರನ್ನೂ ಕೆಡವಬಲ್ಲದು. ತುಂಬಿದ ಹಳ್ಳದ ಮೇಲಿನ ಕಾಲುಸಂಕ, ನೀರು ಹಾಯುವ ಮುಳುಗು ಸೇತುವೆ, ತಳ ಕಾಣದ ರಸ್ತೆ, ಇವುಗಳ ಎದುರು ಹಿಂದಿರುಗುವುದೇ ದಾರಿ. ಬಾನುಲಿಯ ಹವಾಮಾನ ವರದಿಯಲ್ಲಿ ಕೇಳುಗರು ಹಳದಿ, ಕಿತ್ತಳೆ, ಕೆಂಪು ಎಂಬ ಮಾತುಗಳನ್ನು ಕೇಳಿರುತ್ತಾರೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಇಪ್ಪತ್ನಾಲ್ಕು ಗಂಟೆಯಲ್ಲಿ 204 ಮಿಲಿಮೀಟರ್ ಮೀರುವ ಮಳೆಯ ಮುನ್ಸೂಚನೆ ಇದ್ದರೆ ಕೆಂಪು. ಆ ದಿನ ಸೈಕಲ್ ಜಗಲಿಯಲ್ಲೇ ಇರಲಿ, ಅಮ್ಮನ ಮಾತೇ ನಡೆಯಲಿ. ಸಾಮಾನ್ಯವಾಗಿ ಅಂಥ ದಿನ ಶಾಲೆಗೂ ರಜೆ ಇರುತ್ತದೆ.

ಉಳಿದ ದಿನಗಳಲ್ಲಿ, ಆರಿದ್ರಾ ಮಳೆಯ ಒಂದು ಬೆಳಿಗ್ಗೆ, ಹೈಸ್ಕೂಲಿನ ಜಗಲಿಯ ಕಡೆ ಕಣ್ಣು ಹಾಯಿಸಿದರೆ ಗೋಡೆಗೊರಗಿದ ಸೈಕಲ್ಲುಗಳ ಸಾಲು ಕಾಣಬೇಕು. ಪುಸ್ತಕದ ಚೀಲ ಪ್ಲಾಸ್ಟಿಕ್ಕಿನೊಳಗೆ ಒಣಗಿಯೇ ಇದೆ. ಹಳದಿ ರೈನ್‌ಕೋಟುಗಳು ಮೊಳೆಗೆ ನೇತಾಡಿ ತೊಟ್ಟಿಕ್ಕುತ್ತಿವೆ. ಹುಡುಗಿಯೊಬ್ಬಳು ಲಂಗದ ಅಂಚು ಹಿಂಡಿ, ಹಳೆ ಬಟ್ಟೆಯ ತುಂಡಿನಿಂದ ಚೈನು ಒರೆಸಿ, ಸಣ್ಣ ಶೀಶೆಯಿಂದ ಎರಡು ಹನಿ ಎಣ್ಣೆ ಬಿಡುತ್ತಾಳೆ. ಪೆಡಲನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಎಣ್ಣೆ ಎಲ್ಲ ಕೊಂಡಿಗೂ ಹೋಯಿತೇ ಎಂದು ನೋಡುವಷ್ಟರಲ್ಲಿ ಪ್ರಾರ್ಥನೆಯ ಗಂಟೆ ಹೊಡೆಯುತ್ತದೆ. ಅವಳು ಕೈಯನ್ನು ಅದೇ ಬಟ್ಟೆಗೆ ಒರೆಸಿಕೊಂಡು ಒಳಗೆ ಓಡುತ್ತಾಳೆ.